ಧಾನ್ಯ ಕಾಯುವ ವಿಷವಾಯು: ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯ ಉಪಯೋಗವೂ ಅಪಾಯವೂ

ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯನ್ನೂ ಉತ್ತರದ ಬಯಲು ಸೀಮೆಯಲ್ಲಿ ಜೋಳವನ್ನೂ ಹಗೇವುಗಳಲ್ಲಿ ತುಂಬಿಡುತ್ತಿದ್ದ ಪದ್ಧತಿಯು ಹಿರಿಯರಾದ ವಾಚಕರಿಗೆ ವಿದಿತವಾಗಿಯೇ ಇರುವುದು. ನೀರು ನಿಲ್ಲದ ಎತ್ತರದ ನೆಲವನ್ನು ಆರಿಸಿ, ಬಾಯಿ ಕಿರಿದಾಗಿಯೂ ಒಡಲು ವಿಶಾಲವಾಗಿಯೂ ಇರುವಂತೆ ಗುಂಡಿಯನ್ನು ತೋಡಿ, ಸುತ್ತಲೂ ಹುಲ್ಲನ್ನು ಒತ್ತಿ, ಚೆನ್ನಾಗಿ ಒಣಗಿದ ಧಾನ್ಯವನ್ನು ತುಂಬಿ, ಬಾಯಿಗೆ ಚಪ್ಪಡಿಯನ್ನಿಟ್ಟು ಮಣ್ಣಿನಿಂದ ಮೆತ್ತಿಬಿಡುತ್ತಿದ್ದರು. ಹೊರಗಿನ ಗಾಳಿಯು ಒಳಕ್ಕೆ ಸೇರದ ಕಾರಣ, ಧಾನ್ಯವೂ ಅದರೊಡನೆ ಹೋದ ಹುಳುಗಳೂ ಉಸಿರಾಡಿ ಅಲ್ಲಿದ್ದ ಆಮ್ಲಜನಕವನ್ನು ಮುಗಿಸಿ ಇಂಗಾಲಾಮ್ಲ ವಾಯುವನ್ನು ತುಂಬುತ್ತಿದ್ದವು. ಬಳಿಕ ಹುಳುಗಳು ತಾವಾಗಿಯೇ ಸಾಯುತ್ತಿದ್ದವು. ಆದರೆ ಹುಳುವನ್ನು ಕೊಂದ ಗಾಳಿಯು ಮನುಷ್ಯನನ್ನೂ ಬಿಡುವುದಿಲ್ಲ. ಆದುದರಿಂದಲೇ ಹಗೇವಿನ ಬಾಯನ್ನು ತೆರೆದ ಕೂಡಲೆ ಯಾರೂ ಒಳಕ್ಕೆ ಇಳಿಯುತ್ತಿರಲಿಲ್ಲ. ಕೆಲವು ಕಾಲ ತೆರೆದಿಟ್ಟು, ಹಗ್ಗಕ್ಕೆ ದೀಪವನ್ನು ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದನು. ದೀಪವು ಆರಿದರೆ ಇನ್ನೂ ಕಾಯಬೇಕಾಗಿತ್ತು.

ಈಗ ಹಗೇವುಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಧಾನ್ಯವು ಗೋಣಿ ಚೀಲಗಳಲ್ಲಿಯೋ ಪ್ಲಾಸ್ಟಿಕ್ ಚೀಲಗಳಲ್ಲಿಯೋ ತುಂಬಲ್ಪಟ್ಟು ನೆಲದ ಮೇಲೆಯೇ, ಅನೇಕ ಕಡೆಗಳಲ್ಲಿ ಜನರು ವಾಸಿಸುವ ಮನೆಯೊಳಗೇ, ಅಟ್ಟಿಯಾಗಿ ನಿಂತಿರುವುದು. ಹುಳುವನ್ನು ಕೊಲ್ಲುವ ಕೆಲಸವನ್ನು ಬೂದು ಬಣ್ಣದ ಒಂದು ಗುಳಿಗೆಯು ವಹಿಸಿಕೊಂಡಿದೆ. ಇದರಿಂದ ಹೊರಡುವ ವಾಯುವು ಹಗೇವಿನ ಗಾಳಿಗಿಂತ ಎಷ್ಟೋ ಪಾಲು ಹೆಚ್ಚು ತೀಕ್ಷ್ಣವಾದುದು. ಮತ್ತು ಇದರ ವಿಷಯದಲ್ಲಿ ಹಿರಿಯರ ದೀಪವು ಏನನ್ನೂ ತಿಳಿಸಲಾರದು. ಕೋಣೆಯಲ್ಲಿದ್ದವರ ಪ್ರಾಣವನ್ನು ತೆಗೆಯುವಷ್ಟು ವಿಷವಾಯು ತುಂಬಿದ್ದರೂ ದೀಪವು ಎಂದಿನಂತೆ ಉರಿಯುತ್ತಲೇ ಇರುವುದು. ಈ ಭೇದವನ್ನು ಅರಿಯದೆ, ಗುಳಿಗೆಯನ್ನು ಬೇವಿನ ಸೊಪ್ಪಿನಂತೆ ಮೂಟೆಯೊಳಗೆ ಸಿಕ್ಕಿಸಿ, ಅದೇ ಕೋಣೆಯಲ್ಲಿ ಮಕ್ಕಳನ್ನು ಮಲಗಿಸುವ ಅಭ್ಯಾಸವು ಕೆಲವು ಮನೆಗಳಲ್ಲಿ ಬೆಳೆದುಬಂದಿದೆ. ಗ್ರಾಮದ ಮುಖಂಡರೂ ಹಿಡುವಳಿದಾರರೂ ಈ ಪದಾರ್ಥದ ಗುಣಗಳನ್ನು ಸಾದ್ಯಂತವಾಗಿ ತಿಳಿದಿರುವುದು ಆವಶ್ಯಕವಾಗಿದೆ. ಏಕೆಂದರೆ ಉಗ್ರಾಣವು ಅವರದು, ಅದರಲ್ಲಿ ದುಡಿಯುವ ಮತ್ತು ಅದರ ಪಕ್ಕದಲ್ಲಿ ಮಲಗುವ ಜನರು ಅವರನ್ನು ನಂಬಿದವರು.

ಗುಳಿಗೆಯ ಸ್ವರೂಪ

ಅಲ್ಯುಮಿನಿಯಂ ಲೋಹದ ಪುಡಿಯನ್ನೂ ಕೆಂಪು ರಂಜಕವನ್ನೂ ಕೂಡಿಸಿ ಉರಿಸಿದರೆ ಉಂಟಾಗುವ ಪದಾರ್ಥಕ್ಕೆ ಅಲ್ಯುಮಿನಿಯಂ ಫಾಸ್ಫೈಡ್ ಎಂದು ಹೆಸರು. ಪೇಟೆಯಲ್ಲಿ ಇದು ಸೆಲ್ಫಾಸ್ ಮೊದಲಾದ ವ್ಯಾಪಾರದ ಹೆಸರುಗಳಿಂದ ಪ್ರಸಿದ್ಧವಾಗಿದೆ. ತೇವವು ತಗುಲದಂತೆ ಭದ್ರವಾಗಿ ಮುಚ್ಚಿದ ಡಬ್ಬಿಯಲ್ಲಿ ಇರುವವರೆಗೆ ಇದು ಸುಮ್ಮನೆ ಬಿದ್ದಿರುವುದು. ನೀರಿನ ಪಸೆ ತಗುಲಿತೆಂದರೆ, ಅದರೊಳಗಿನ ರಂಜಕವು ನೀರಿನಲ್ಲಿರುವ ಜಲಜನಕದೊಡನೆ ಕೂಡಿ ಫಾಸ್ಫೀನ್ ಎಂಬ ವಾಯುವಾಗಿ ಹೊರಡುವುದು. ಹಿಂದೆ ಉಳಿಯುವುದು ಬೂದಿಯಂತಹ ಪುಡಿ. ಇದಕ್ಕಾಗಿ ಯಾರೂ ನೀರನ್ನು ಚಿಮುಕಿಸಬೇಕಾದುದಿಲ್ಲ. ಗಾಳಿಯಲ್ಲಿಯೂ ಧಾನ್ಯದಲ್ಲಿಯೂ ಸ್ವಭಾವವಾಗಿ ಇರುವ ತೇವವೇ ಸಾಕಾಗುವುದು. ಹವೆಯು ಬೆಚ್ಚಗಿದ್ದು ತೇವವು ಹೆಚ್ಚಾಗಿದ್ದರೆ ವಾಯುವು ಬೇಗನೆ ಹೊರಡುವುದು. ಒಣ ಹವೆಯಲ್ಲಿ ಕೆಲವು ದಿನಗಳವರೆಗೂ ಮೆಲ್ಲಮೆಲ್ಲನೆ ಹೊರಡುತ್ತಲೇ ಇರುವುದು.

ದೊಡ್ಡ ಗುಳಿಗೆಯು 3 ಗ್ರಾಂ ತೂಕವಿದ್ದು 1 ಗ್ರಾಂ ಫಾಸ್ಫೀನನ್ನು ಕೊಡತಕ್ಕದ್ದು. ಗುಳಿಗೆಯಲ್ಲಿ ನೂರಕ್ಕೆ 56 ಭಾಗದಷ್ಟು ಮಾತ್ರವೇ ಫಾಸ್ಫೈಡ್ ಇರುವುದು. ಉಳಿದ ಭಾಗದಲ್ಲಿ ಮುಖ್ಯವಾದುದು ಅಮೋನಿಯಂ ಕಾರ್ಬಮೇಟ್ ಎಂಬ ಲವಣ. ಈ ಲವಣವು ಅಮೋನಿಯವನ್ನೂ ಇಂಗಾಲಾಮ್ಲ ವಾಯುವನ್ನೂ ಬಿಟ್ಟು, ಫಾಸ್ಫೀನ್ ತಾನಾಗಿ ಹೊತ್ತಿಕೊಳ್ಳುವ ಭಯವನ್ನು ತಗ್ಗಿಸುವುದು. ಜೊತೆಗೆ ಅಮೋನಿಯದ ಘಾಟು ಹತ್ತಿರದಲ್ಲಿರುವವರಿಗೆ ಮೊದಲ ಎಚ್ಚರಿಕೆಯಾಗುವುದು. ಫಾಸ್ಫೀನ್ ಹೊತ್ತಿಕೊಳ್ಳುವ ವಾಯುವೆಂಬುದನ್ನು ಮರೆಯಲಾಗದು. ಗಾಳಿಯಲ್ಲಿ ನೂರಕ್ಕೆ 1.8 ಭಾಗಕ್ಕಿಂತ ಹೆಚ್ಚಾಗಿ ಸೇರಿದರೆ ಕಿಡಿಯಿಲ್ಲದೆಯೇ ಅದು ಹೊತ್ತಿಕೊಳ್ಳಬಹುದು. ಗುಳಿಗೆಗಳನ್ನು ಒಂದೇ ಕಡೆ ರಾಶಿ ಹಾಕುವುದರಿಂದಲೂ, ಅವುಗಳ ಮೇಲೆ ನೀರು ಬೀಳುವುದರಿಂದಲೂ ಬೆಂಕಿ ಎದ್ದಿರುವುದುಂಟು.

ಇದಕ್ಕೆ ಇಷ್ಟು ಬೇಡಿಕೆ ಏಕೆ

ಇಷ್ಟು ಅಪಾಯಕರವಾದ ವಸ್ತುವನ್ನು ಜನರು ಏಕೆ ಹಿಡಿದುಕೊಂಡಿರುವರೆಂದರೆ, ಕೆಲಸದಲ್ಲಿ ಅದಕ್ಕೆ ಸಮಾನವಾದುದು ದೊರೆಯದಿರುವುದೇ ಕಾರಣ. ಅಕ್ಕಿ, ಜೋಳ, ಗೋಧಿಗಳಿಗೆ ಬೀಳುವ ಸೊಂಡಿಲಿನಂತಹ ಮೂತಿಯ ಹುಳುವು ಕಾಳನ್ನು ಕೊರೆದು, ಒಳಗೆ ಮೊಟ್ಟೆಯನ್ನಿಟ್ಟು, ತೂತನ್ನು ಅಂಟಿನಿಂದ ಮುಚ್ಚಿಬಿಡುವುದು. ಮರಿಹುಳುವು ಕಾಳಿನ ಒಳಗೇ ಹುಟ್ಟಿ, ಒಳಗೇ ತಿಂದು, ಒಳಗೇ ರೂಪಾಂತರವನ್ನು ಹೊಂದಿ, ದೊಡ್ಡದಾದ ಮೇಲೆ ಮಾತ್ರ ಹೊರಕ್ಕೆ ಬರುವುದು. ಕಣ್ಣಿಗೆ ಚೊಕ್ಕಟವಾಗಿ ಕಾಣುವ ಮೂಟೆಯಲ್ಲಿಯೂ ಅರ್ಧ ಬೆಳೆದ ಹುಳುಗಳು ತುಂಬಿರಬಹುದು. ಮೂಟೆಯ ಹೊರಮೈಗೆ ಸಿಂಪಡಿಸುವ ಔಷಧವು ಇವುಗಳನ್ನು ಮುಟ್ಟಲಾರದು. ಫಾಸ್ಫೀನಾದರೋ ಅತಿ ಸೂಕ್ಷ್ಮವಾದ ವಾಯುವಾದುದರಿಂದ ಅಟ್ಟಿಯ ನಡುವಿನ ಮೂಟೆಯೊಳಕ್ಕೂ, ಮೂಟೆಯ ನಡುವಿನ ಕಾಳಿನೊಳಕ್ಕೂ ನುಗ್ಗಿ ಹೋಗುವುದು. ಕೆಲಸ ಮುಗಿದ ಮೇಲೆ ಗಾಳಿಯಾಡಿಸಿದರೆ ಧಾನ್ಯದಲ್ಲಿ ಬಹು ಅಲ್ಪವಾಗಿ ಮಾತ್ರವೇ ಉಳಿಯುವುದು. ಚೆನ್ನಾಗಿ ಒಣಗಿದ ಬಿತ್ತನೆ ಬೀಜದ ಮೊಳೆಯುವ ಶಕ್ತಿಗೂ ಸಾಧಾರಣವಾಗಿ ಕುಂದು ತಾರದು.

ಇದಕ್ಕೆ ಮುಂಚೆ ಬಳಕೆಯಲ್ಲಿದ್ದ ವಿಷವಾಯುಗಳೆಲ್ಲವೂ ಒಂದೊಂದು ಕಾರಣದಿಂದ ಹಿಂದೆ ಸರಿದವು. ಕಾರ್ಬನ್ ಡೈಸಲ್ಫೈಡಿನ ಆವಿಯು ಬಹು ಸುಲಭವಾಗಿ ಬೆಂಕಿ ಹಿಡಿಯುತ್ತಿತ್ತು. ಗಾಜಿನ ಸಣ್ಣ ಕುಪ್ಪಿಗಳಲ್ಲಿ ಬರುತ್ತಿದ್ದ ಎಥಿಲೀನ್ ಡೈಬ್ರೋಮೈಡು ಅರ್ಬುದ ರೋಗವನ್ನು ತರುವುದೆಂದು ತಿಳಿದುಬಂದು, ಭಾರತದಲ್ಲಿ 2001ರಲ್ಲಿ ನಿಷೇಧಿಸಲ್ಪಟ್ಟಿತು. ಮೀಥೈಲ್ ಬ್ರೋಮೈಡು ಭೂಮಿಯನ್ನು ಕಾಯುವ ಓಜೋನ್ ಪದರವನ್ನು ಕೆಡಿಸುವುದರಿಂದ, ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮುಂದುವರಿದ ದೇಶಗಳಲ್ಲಿ 2005ರ ಹೊತ್ತಿಗೂ ಉಳಿದ ದೇಶಗಳಲ್ಲಿ 2015ರ ಹೊತ್ತಿಗೂ, ಹಡಗಿನ ಸರಕಿನ ತಪಾಸಣೆಯಂತಹ ಕೆಲವು ವಿಶೇಷ ಕಾರ್ಯಗಳನ್ನು ಬಿಟ್ಟು, ನಿಲ್ಲಿಸಲ್ಪಟ್ಟಿತು. ಹೀಗೆ ಪ್ರಪಂಚದ ಉಗ್ರಾಣಗಳ ಭಾರವೆಲ್ಲವೂ ಬಹುಮಟ್ಟಿಗೆ ಫಾಸ್ಫೀನ್ ಒಂದರ ಮೇಲೆಯೇ ಬಿದ್ದಿದೆ. ಅದನ್ನು ಕೆಟ್ಟ ವಸ್ತುವೆಂದು ಒಂದೇ ಮಾತಿನಿಂದ ತಳ್ಳಿಹಾಕುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಎಲ್ಲಿ, ಯಾರ ಕೈಯಿಂದ ಬಳಸಲ್ಪಡುತ್ತಿದೆಯೆಂಬುದೇ ಮುಖ್ಯವಾದ ಪ್ರಶ್ನೆ.

ದೇಹದ ಮೇಲೆ ಇದರ ಪರಿಣಾಮ

ಉಸಿರಿನೊಡನೆ ಒಳಹೊಕ್ಕ ಫಾಸ್ಫೀನ್, ರಕ್ತದ ಮೂಲಕ ದೇಹದ ಎಲ್ಲ ಭಾಗಗಳಿಗೂ ಹರಡಿ, ಜೀವಕಣಗಳು ಆಮ್ಲಜನಕವನ್ನು ಉಪಯೋಗಿಸಿಕೊಳ್ಳುವ ಶಕ್ತಿಯನ್ನು ತಡೆದುಬಿಡುವುದು. ಶ್ವಾಸಕೋಶಕ್ಕೆ ಗಾಳಿ ಬರುತ್ತಿದ್ದರೂ ಜೀವಕಣಗಳಿಗೆ ಉಸಿರಿಲ್ಲದಂತಾಗುವುದು. ಯಾವ ಅಂಗಗಳು ಬಿಡುವಿಲ್ಲದೆ ದುಡಿಯುತ್ತಿರುವುವೋ ಅವುಗಳಿಗೆ, ಮುಖ್ಯವಾಗಿ ಹೃದಯಕ್ಕೂ ಶ್ವಾಸಕೋಶಕ್ಕೂ, ಇದರಿಂದ ಅತಿ ಬೇಗ ಹಾನಿಯಾಗುವುದು. ಈ ವಿಷವನ್ನು ಇಳಿಸತಕ್ಕ ಪ್ರತ್ಯೌಷಧವು ಇಲ್ಲ. ವೈದ್ಯರು ಮಾಡಬಲ್ಲದ್ದೆಂದರೆ, ವಿಷದ ವೇಗವು ತಗ್ಗುವವರೆಗೆ ಹೃದಯವನ್ನೂ ಉಸಿರನ್ನೂ ಆಸರೆ ಕೊಟ್ಟು ನಡೆಯಿಸುವುದು.

ಎಷ್ಟು ಅಲ್ಪವಾದ ಪ್ರಮಾಣದಿಂದ ಕೇಡು ಉಂಟಾಗುವುದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಅಮೆರಿಕ ಸಂಯುಕ್ತ ಸಂಸ್ಥಾನದ ಕಾರ್ಮಿಕ ಸುರಕ್ಷತೆಯ ನಿಯಮದಲ್ಲಿ, ದಿನಕ್ಕೆ ಎಂಟು ಗಂಟೆ ದುಡಿಯುವವನು ಉಸಿರಾಡುವ ಗಾಳಿಯಲ್ಲಿ ಫಾಸ್ಫೀನ್ ಸರಾಸರಿ ಹತ್ತು ಲಕ್ಷ ಭಾಗಕ್ಕೆ 0.3 ಭಾಗವನ್ನು ಮೀರಕೂಡದೆಂದು ಗೊತ್ತುಮಾಡಿದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರವಿರುವ ಮುಚ್ಚಿದ ಕೋಣೆಯಲ್ಲಿ ಒಂದೇ ಒಂದು ಗುಳಿಗೆಯು ಪೂರ್ತಿಯಾಗಿ ಕರಗಿದರೆ, ಆ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 25 ಭಾಗದಷ್ಟು ಫಾಸ್ಫೀನ್ ಸೇರುವುದು. ಅಂದರೆ ಮೇಲಿನ ಮಿತಿಗೆ ಎಂಭತ್ತು ಪಾಲಿಗೂ ಮಿಗಿಲು. ಸಂದುಗಳ ಮೂಲಕ ಒಂದಷ್ಟು ಸೋರಿಹೋದರೂ, ಧಾನ್ಯವು ಒಂದಷ್ಟನ್ನು ಹೀರಿಕೊಂಡರೂ, ಉಳಿಯುವುದು ಮಿತಿಗಿಂತ ಎಷ್ಟೋ ಹೆಚ್ಚೇ. ಹೀಗಿರುವಲ್ಲಿ ಹತ್ತಾರು ಮೂಟೆಗಳಿಗೆ ಮೂಟೆಗೊಂದರಂತೆ ಗುಳಿಗೆಗಳನ್ನಿಟ್ಟು ನಡುಮನೆಯ ಬಾಗಿಲನ್ನು ಎಳೆದುಕೊಳ್ಳುವವರ ವಿವೇಕವನ್ನು ಏನೆಂದು ಹೇಳುವುದು!

ವಾಸನೆಯನ್ನು ನಂಬಿಕೊಂಡಿರುವವರು ಬಹಳ ಮಂದಿ. ಶುದ್ಧವಾದ ಫಾಸ್ಫೀನಿಗೆ ವಾಸನೆಯೇ ಇಲ್ಲ. ಗುಳಿಗೆಯಿಂದ ಹೊರಡುವ ವಾಯುವಿನಲ್ಲಿ ಬೆರೆತಿರುವ ಇತರ ಕಲ್ಮಷಗಳ ದೆಸೆಯಿಂದ ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆಯು ಬರುವುದು. ಈ ಕಲ್ಮಷಗಳನ್ನು ಧಾನ್ಯವು ಹೀರಿಕೊಂಡುಬಿಟ್ಟರೆ ವಾಸನೆ ಹೋಗುವುದು, ವಿಷ ಉಳಿಯುವುದು. ಆದಕಾರಣ ವಾಸನೆ ಇದೆಯೆಂದರೆ ಅಪಾಯವಿದೆಯೆಂದು ತಿಳಿಯಬಹುದೇ ಹೊರತು, ವಾಸನೆ ಇಲ್ಲವೆಂದರೆ ಅಪಾಯವಿಲ್ಲವೆಂದು ತಿಳಿಯಲಾಗದು.

ಪಕ್ಕದ ಕೋಣೆಯಲ್ಲಿ ಮಲಗಿದರೆ ಸಾಕೆಂಬ ನಂಬಿಕೆಯೂ ಹಾಗೆಯೇ ಹುಸಿಯಾದುದು. ಈ ವಾಯುವು ಸಾಧಾರಣ ಗಾಳಿಗಿಂತ ಸ್ವಲ್ಪ ಮಾತ್ರವೇ ಭಾರವಾದುದರಿಂದ ನೆಲದಲ್ಲಿಯೇ ನಿಲ್ಲದೆ ಎಲ್ಲ ಕಡೆಗೂ ಹರಡುವುದು. ಬಾಗಿಲ ಸಂದು, ಅಟ್ಟದ ಹಲಗೆಗಳ ನಡುವಣ ಬಿರುಕು, ವಿದ್ಯುತ್ ತಂತಿ ಹಾಯ್ದ ತೂತು, ಹೆಂಚಿನ ಮಾಡಿನ ಕೆಳಗೆ ಎರಡು ಮನೆಗಳಿಗೂ ಸೇರಿದಂತಿರುವ ಗೋಡೆಯ ಮೇಲಿನ ಬಯಲು, ಇವೆಲ್ಲವೂ ಅದಕ್ಕೆ ದಾರಿಗಳೇ. ಸಾಲುಮನೆಗಳಲ್ಲಿ ಒಬ್ಬನ ಧಾನ್ಯಕ್ಕೆ ಇಟ್ಟ ವಿಷವು ನೆರೆಯವನ ತೊಟ್ಟಿಲಿಗೆ ಮುಟ್ಟುವುದು ಅಸಂಭವವೇನೂ ಅಲ್ಲ.

ಮೊದಲಲ್ಲಿ ಕಾಣುವ ಚಿಹ್ನೆಗಳು ಯಾರನ್ನಾದರೂ ಮೋಸಗೊಳಿಸುವಂತಹವು. ತಲೆನೋವು, ಓಕರಿಕೆ, ವಾಂತಿ, ಹೊಟ್ಟೆನೋವು, ಭೇದಿ, ತಲೆಸುತ್ತು, ಅತಿಯಾದ ಆಯಾಸ, ಎದೆ ಬಿಗಿದಂತಾಗಿ ಕೆಮ್ಮು. ಮನೆಯವರೆಲ್ಲರಿಗೂ ಒಟ್ಟಿಗೆ ವಾಂತಿಯಾದರೆ ರಾತ್ರಿಯ ಊಟವೇ ಕೆಟ್ಟಿರಬೇಕೆಂದು ಭಾವಿಸಿ, ಶುಂಠಿಯ ಕಷಾಯವನ್ನು ಕುಡಿಸಿ, ಅದೇ ಕೋಣೆಯಲ್ಲಿ ಹೊದಿಸಿ ಮಲಗಿಸುವರು. ಈ ಉಪಚಾರವೇ ಪ್ರಾಣಕ್ಕೆ ಮುಳುವಾಗುವುದು. ಕೆಲವರಲ್ಲಿ ಮೊದಲ ಬಾಧೆಯು ತಗ್ಗಿದಂತೆ ತೋರಿ, ಒಂದೆರಡು ದಿನಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುವುದೂ ಉಂಟು.

ಹೊರದೇಶಗಳ ಕೆಲವು ಪ್ರಸಂಗಗಳು

ಮಕ್ಕಳಿಗೆ ಈ ವಾಯುವಿನಿಂದ ದೊಡ್ಡವರಿಗಿಂತ ಹೆಚ್ಚಿನ ಅಪಾಯವೆಂಬುದು ನಾನಾ ದೇಶಗಳ ಅನುಭವದಿಂದ ಸಿದ್ಧವಾಗಿದೆ. ಧಾನ್ಯವನ್ನು ಹೇರಿಕೊಂಡು ಹೋಗುತ್ತಿದ್ದ ಒಂದು ಹಡಗಿನಲ್ಲಿ ಸರಕಿಗೆ ಹಾಕಿದ ಫಾಸ್ಫೀನ್ ಜನರಿದ್ದ ಕೋಣೆಗಳಿಗೆ ಸೋರಿ, 31 ಮಂದಿ ನಾವಿಕರಲ್ಲಿ 29 ಮಂದಿಯೂ ಜೊತೆಯಲ್ಲಿದ್ದ ಇಬ್ಬರು ಮಕ್ಕಳೂ ಕಾಯಿಲೆ ಬಿದ್ದ ಸಂಗತಿಯು 1980ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ನಾವಿಕರು ಬದುಕಿಕೊಂಡರು, ಮಕ್ಕಳಲ್ಲಿ ಒಂದು ತೀರಿಹೋಯಿತು.

2010ರಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ಲೇಟನ್ ಎಂಬ ಊರಿನಲ್ಲಿ ಮನೆಯ ಅಂಗಳದ ಬಿಲಗಳಲ್ಲಿದ್ದ ಇಲಿಯ ಜಾತಿಯ ಪ್ರಾಣಿಗಳನ್ನು ಕೊಲ್ಲುವುದಕ್ಕಾಗಿ ಗುಳಿಗೆಗಳನ್ನು ಹಾಕಿದಾಗ, ವಾಯುವು ಮನೆಯೊಳಕ್ಕೆ ಸೇರಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಸತ್ತರು. ಗುಳಿಗೆಯನ್ನು ಹಾಕಿದವನು ಅಜ್ಞನಲ್ಲ, ಅದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದವನು. ಆ ವರ್ಷವೇ ಅಲ್ಲಿನ ಸರ್ಕಾರದವರು ವಾಸದ ಮನೆಗಳ ಸುತ್ತಮುತ್ತ ಈ ಗುಳಿಗೆಯನ್ನು ಬಳಸುವುದನ್ನು ಪೂರ್ತಿಯಾಗಿ ನಿಷೇಧಿಸಿ, ಜನರು ಇರುವ ಇತರ ಕಟ್ಟಡಗಳಿಂದ ಬಿಡಬೇಕಾದ ದೂರವನ್ನು 15 ಅಡಿಯಿಂದ 100 ಅಡಿಗೆ ಏರಿಸಿದರು. ಇಲ್ಲಿಯೂ ಹಿತ್ತಲಿನ ಇಲಿಬಿಲಗಳಿಗೆ ಗುಳಿಗೆಯನ್ನು ಹಾಕಿ ಮಣ್ಣು ಮೆತ್ತುವ ರೂಢಿಯುಂಟಾದುದರಿಂದ, ಈ ಪ್ರಸಂಗವನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು. ಬಿಲದ ಇನ್ನೊಂದು ಬಾಯಿ ಮನೆಯ ಗೋಡೆಯೊಳಗೆ ತೆರೆದಿದೆಯೋ ಇಲ್ಲವೋ ಇಲಿಗಲ್ಲದೆ ಬೇರೆ ಯಾರಿಗೆ ಗೊತ್ತು?

ಮೂರನೆಯ ಪ್ರಸಂಗವು 2017ರ ಜನವರಿಯಲ್ಲಿ ಟೆಕ್ಸಸ್ ಸಂಸ್ಥಾನದ ಅಮರಿಲ್ಲೋ ಪಟ್ಟಣದಲ್ಲಿ ನಡೆಯಿತು. ಮನೆಯ ಅಡಿಯಲ್ಲಿ ಹಾಕಿದ್ದ ಗುಳಿಗೆಗಳ ವಾಸನೆಯನ್ನು ತಾಳಲಾರದೆ, ಮನೆಯವರು ಅವುಗಳನ್ನು ನೀರಿನಿಂದ ತೊಳೆದು ಹಾಕಲು ಪ್ರಯತ್ನಿಸಿದರು. ನೀರು ತಗುಲಿದ ಕೂಡಲೆ ವಿಷವಾಯು ಒಮ್ಮೆಗೇ ಉಕ್ಕಿಬಂದು, ಆ ಮನೆಯ ನಾಲ್ವರು ಮಕ್ಕಳು ಮೃತಪಟ್ಟರು. ಕೊಳೆಯನ್ನೂ ಬೆಂಕಿಯನ್ನೂ ನೀರಿನಿಂದ ಶಮನಮಾಡುವುದು ಲೋಕದ ರೂಢಿ. ಈ ಒಂದು ವಸ್ತುವಿನ ವಿಷಯದಲ್ಲಿ ನೀರೇ ಶತ್ರು. ಗುಳಿಗೆಗೆ ಬೆಂಕಿ ಬಿದ್ದರೂ ಒಣ ಮರಳಿನಿಂದ ಮುಚ್ಚಬೇಕೇ ಹೊರತು ನೀರನ್ನು ಎರಚಕೂಡದು.

ಭಾರತದ ಕಾನೂನು

ಭಾರತದಲ್ಲಿ ಅಲ್ಯುಮಿನಿಯಂ ಫಾಸ್ಫೈಡ್ 1968ರ ಕೀಟನಾಶಕಗಳ ಕಾಯಿದೆಗೆ ಒಳಪಟ್ಟಿರುವ, ಮತ್ತು ನಿರ್ಬಂಧಿತ ಬಳಕೆಯ ಪಟ್ಟಿಯಲ್ಲಿ ಸೇರಿರುವ ವಸ್ತು. ಸರ್ಕಾರಿ ಸಂಸ್ಥೆಗಳೂ, ಕೀಟ ನಿಯಂತ್ರಣದ ಪರವಾನಗಿಯನ್ನು ಪಡೆದವರೂ, ಸರ್ಕಾರದ ಅಥವಾ ಸರ್ಕಾರದಿಂದ ಒಪ್ಪಿಗೆ ಪಡೆದ ಪರಿಣತರ ಕಟ್ಟುನಿಟ್ಟಾದ ಮೇಲ್ವಿಚಾರಣೆಯಲ್ಲಿ ಮಾತ್ರ ಇದನ್ನು ಬಳಸಬಹುದು. 3 ಗ್ರಾಂ ತೂಕದ 10 ಅಥವಾ 20 ಗುಳಿಗೆಗಳಿರುವ ಸಣ್ಣ ಕೊಳವೆಗಳ ತಯಾರಿಕೆ, ಮಾರಾಟ, ಬಳಕೆಗಳನ್ನು 2001ರಲ್ಲಿ ಸಂಪೂರ್ಣವಾಗಿ ನಿಷೇಧಿಸಲಾಯಿತು. ಮನೆಮನೆಯಲ್ಲಿಯೂ ಕೈಗೆ ಎಟಕುವಂತೆ ಇದ್ದ ಈ ವಿಷವು ವಿಶೇಷವಾಗಿ ಉತ್ತರ ಭಾರತದಲ್ಲಿ ಎಷ್ಟೋ ಸಂಸಾರಗಳನ್ನು ಹಾಳುಮಾಡಿದುದನ್ನು ಅಲ್ಲಿನ ಆಸ್ಪತ್ರೆಗಳ ವೈದ್ಯರು 1980ರ ದಶಕದಿಂದಲೂ ಬರೆದು ತಿಳಿಸುತ್ತ ಬಂದಿದ್ದರು.

ಆದರೂ ಸಂತೆಯ ಅಂಗಡಿಗಳಲ್ಲಿ ಒಂದೆರಡು ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ ಚಿಲ್ಲರೆಯಾಗಿ ಕೊಡುವವರು ಇದ್ದಾರೆ, ಕೊಳ್ಳುವವರೂ ಇದ್ದಾರೆ. ಕಾಗದದ ಪೊಟ್ಟಣದಲ್ಲಿ ಜೇಬಿನ ಬೆವರಿನ ತೇವವೇ ಸಾಕು, ದಾರಿಯಲ್ಲಿಯೇ ವಾಯುವು ಹೊರಡುವುದು. ಹೀಗೆ ಬಿಡಿಯಾಗಿ ಮಾರುವುದು ಅಪರಾಧ. ಅಂಗಡಿಯವನೊಡನೆ ಜಗಳವಾಡುವುದಕ್ಕಿಂತ, ಸಮೀಪದ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗಳಿಗೆ ತಿಳಿಸುವುದೇ ಗ್ರಾಮದ ಮುಖಂಡರಿಗೆ ಉಚಿತವಾದ ಮಾರ್ಗ.

ಉಗ್ರಾಣದಲ್ಲಿ ನಡೆಯತಕ್ಕ ಕ್ರಮ

ದೊಡ್ಡ ದಾಸ್ತಾನನ್ನು ಇಟ್ಟುಕೊಂಡಿರುವ ಹಿಡುವಳಿದಾರರು ಪರವಾನಗಿಯುಳ್ಳವರನ್ನು ಕರೆಯಿಸಿ ಕೆಲಸ ಮಾಡಿಸುವಾಗ, ಅವರು ಮಾಡುವುದು ಸರಿಯೋ ತಪ್ಪೋ ಎಂದು ನೋಡಿಕೊಳ್ಳುವಷ್ಟು ತಿಳಿವಳಿಕೆಯನ್ನು ಪಡೆದಿರಬೇಕು. ಉಗ್ರಾಣವು ವಾಸದ ಮನೆಗೂ ದನದ ಕೊಟ್ಟಿಗೆಗೂ ಅಂಟಿಕೊಂಡಿದ್ದರೆ ಅಲ್ಲಿ ಈ ಕೆಲಸವನ್ನು ಮಾಡಿಸಲೇಕೂಡದು. ಅಟ್ಟಿಯನ್ನು ವಾಯು ತೂರದ ದಪ್ಪನೆಯ ಹಾಳೆಯಿಂದ ಪೂರ್ತಿಯಾಗಿ ಹೊದಿಸಿ, ಮರಳು ತುಂಬಿದ ಉದ್ದನೆಯ ಚೀಲಗಳನ್ನು ಹಾಳೆಯ ಅಂಚಿನುದ್ದಕ್ಕೂ ಹಾವಿನಂತೆ ಮಲಗಿಸಿ, ನೆಲಕ್ಕೂ ಹಾಳೆಗೂ ಎಡೆಯಿಲ್ಲದಂತೆ ಒತ್ತಬೇಕು. ಗುಳಿಗೆಗಳು ಒಂದರ ಮೇಲೊಂದು ಬೀಳದಂತೆ ತಟ್ಟೆಗಳಲ್ಲಿ ಬಿಡಿಬಿಡಿಯಾಗಿ ಹರಡಿರಬೇಕು. ಡಬ್ಬಿಯನ್ನು ಹೊರಗಿನ ಬಯಲಿನಲ್ಲಿಯೇ, ಮುಖದಿಂದ ದೂರವಾಗಿ ಹಿಡಿದು ತೆರೆಯಬೇಕು. ಕೆಲಸಗಾರರು ಒಣಗಿದ ಕೈಚೀಲಗಳನ್ನೂ ಈ ವಾಯುವಿಗೆ ತಕ್ಕ ಮುಖವಾಡವನ್ನೂ ತೊಟ್ಟಿರಬೇಕು. ಒದ್ದೆ ಟವಲನ್ನು ಮೂಗಿಗೆ ಕಟ್ಟಿಕೊಳ್ಳುವುದರಿಂದ ಧೂಳು ತಡೆಯಲ್ಪಡಬಹುದು, ಫಾಸ್ಫೀನ್ ತಡೆಯಲ್ಪಡುವುದಿಲ್ಲ. ಒಬ್ಬನೇ ಆಳನ್ನು ಈ ಕೆಲಸಕ್ಕೆ ಕಳುಹಿಸಕೂಡದು.

ಮುಚ್ಚಿದ ಅಟ್ಟಿಯನ್ನು ಸಾಧಾರಣವಾಗಿ ಏಳು ದಿನಗಳವರೆಗೆ ಬಿಚ್ಚಬಾರದು. ದೊಡ್ಡ ಹುಳುಗಳು ಬೇಗನೆ ಸತ್ತರೂ ಮೊಟ್ಟೆಗಳೂ ಕೋಶದಲ್ಲಿರುವ ಹುಳುಗಳೂ ಬಹುಕಾಲ ತಾಳಿಕೊಳ್ಳುವುದರಿಂದ ಈ ಅವಧಿಯು ಬೇಕಾಗಿದೆ. ಆತುರದಿಂದ ಮೂರನೆಯ ದಿನವೇ ಬಿಚ್ಚುವುದರಿಂದ, ಅಥವಾ ಹರಕು ಹಾಳೆಯಿಂದ ಹೊದಿಸುವುದರಿಂದ, ದುರ್ಬಲವಾದ ಹುಳುಗಳು ಸತ್ತು ಬಲವಾದವುಗಳು ಉಳಿಯುವುವು. ಅವುಗಳ ಸಂತತಿಯು ವಿಷಕ್ಕೆ ಜಗ್ಗದಂತಾಗುವುದು. 1972 ಮತ್ತು 1973ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು ನಡೆಯಿಸಿದ ಪರಿಶೀಲನೆಯಲ್ಲಿಯೇ ಇಂತಹ ಹುಳುಗಳು ಅನೇಕ ದೇಶಗಳಲ್ಲಿ ಕಂಡುಬಂದವು. ಮನೆಯ ಮೂಟೆಯ ಬಾಯಿಗೆ ಗುಳಿಗೆಯನ್ನು ಸಿಕ್ಕಿಸುವವರು ಧಾನ್ಯವನ್ನೂ ಉಳಿಸಿಕೊಳ್ಳುವುದಿಲ್ಲ. ಗೋಣಿಯ ನೂಲುಗಳ ನಡುವಿನಿಂದ ವಾಯುವು ಮಲಗಿದವರ ಕಡೆಗೆ ಸೋರಿಹೋಗುವುದು. ಹುಳುವು ಬದುಕಿಕೊಂಡು ಇನ್ನಷ್ಟು ಗಟ್ಟಿಯಾಗುವುದು.

ಏಳು ದಿನಗಳೂ ಬಾಗಿಲಿಗೆ ಬೀಗವೂ, ಓದು ಬಾರದವರಿಗೂ ತಿಳಿಯುವಂತಹ ಅಪಾಯದ ಚಿತ್ರವೂ ಇರತಕ್ಕದ್ದು. ಕಾವಲುಗಾರನನ್ನು ಒಳಗಾಗಲಿ ಉಗ್ರಾಣದ ಜಗಲಿಯಲ್ಲಾಗಲಿ ಮಲಗಲು ಬಿಡಕೂಡದು. ಬಿಚ್ಚುವಾಗ ಮೊದಲು ಬಾಗಿಲು ಕಿಟಕಿಗಳನ್ನು ತೆರೆದು ಹೊರಕ್ಕೆ ಬಂದು, ಗಾಳಿಯಾಡಿದ ಮೇಲೆ ಹಾಳೆಯ ಮೂಲೆಗಳನ್ನು ಎತ್ತಿ, ಕಡಮೆಯೆಂದರೆ ಒಂದು ಹಗಲು ಒಂದು ರಾತ್ರಿ ಹಾಗೆಯೇ ಬಿಡಬೇಕು. ಅನಂತರವೂ ವಾಯುವು ಉಳಿದಿದೆಯೇ ಎಂದು ಪರೀಕ್ಷಿಸಬೇಕು. ಸಿಲ್ವರ್ ನೈಟ್ರೇಟಿನ ದ್ರಾವಣದಲ್ಲಿ ಅದ್ದಿದ ಕಾಗದವು ಫಾಸ್ಫೀನ್ ತಗುಲಿದರೆ ಕಪ್ಪಾಗುವುದು. ಪ್ರಮಾಣವನ್ನೇ ಅಳೆದು ತೋರಿಸುವ ನಳಿಗೆಗಳೂ ಯಂತ್ರಗಳೂ ಪರಿಣತರ ಹತ್ತಿರ ಇರುವುವು. ಈ ಕಾಲದ ಉಗ್ರಾಣಕ್ಕೆ ಹಗೇವಿನ ದೀಪದ ಸ್ಥಾನದಲ್ಲಿ ನಿಲ್ಲತಕ್ಕವು ಇವೇ. ಈ ವಾಯುವು ತಾಮ್ರವನ್ನೂ ಬೆಳ್ಳಿಯನ್ನೂ ತಿನ್ನುವುದರಿಂದ ವಿದ್ಯುತ್ತಿನ ಮೋಟಾರುಗಳು, ದೂರವಾಣಿಗಳು ಮೊದಲಾದವುಗಳನ್ನು ಮುಂಚೆಯೇ ಹೊರಕ್ಕೆ ಸಾಗಿಸುವುದು ಲೇಸು.

ತಟ್ಟೆಯಲ್ಲಿ ಉಳಿದ ಬೂದು ಪುಡಿಯಲ್ಲಿ ಸ್ವಲ್ಪ ಫಾಸ್ಫೈಡ್ ಕರಗದೆ ಉಳಿದಿರಬಹುದು. ಅದನ್ನು ತಿಪ್ಪೆಗೆ ಎಸೆಯುವುದು, ಡಬ್ಬಿಯಲ್ಲಿ ತುಂಬಿ ಮುಚ್ಚಿಡುವುದು, ಕೆರೆಗೆ ಸುರಿಯುವುದು, ಇವು ಮೂರೂ ತಪ್ಪು. ಗುಳಿಗೆಯನ್ನು ತಂದವರೇ ಅದನ್ನು ಬಾವಿ ಕೆರೆಗಳಿಗೆ ದೂರವಾದ ಬಯಲಿನಲ್ಲಿ ವಿಧಿಪ್ರಕಾರ ವಿಲೇವಾರಿ ಮಾಡಿ ಹೋಗುವಂತೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಖಾಲಿ ಡಬ್ಬಿಗಳು ಚೆಂದವಾಗಿ ಕಂಡರೂ ಉಪ್ಪು ಕಾರಗಳಿಗೆ ಉಪಯೋಗಿಸತಕ್ಕವುಗಳಲ್ಲ.

ಲಾರಿಗೆ ಧಾನ್ಯವನ್ನು ಹೇರುವಾಗ ಮೂಟೆಗಳ ನಡುವೆ ಗುಳಿಗೆಗಳನ್ನಿಟ್ಟು ಕಳುಹಿಸುವ ಕೆಟ್ಟ ಅಭ್ಯಾಸವೊಂದಿದೆ. ಮೇಲೆ ಟಾರ್ಪಾಲಿನ ಮರೆಯಲ್ಲಿ ಹಮಾಲರು ಮಲಗಿಕೊಂಡು ಹೋಗುವರೆಂಬುದನ್ನು ಯಾರೂ ಯೋಚಿಸುವುದಿಲ್ಲ.

ಮನೆಯ ಧಾನ್ಯಕ್ಕೆ ಏನು ಮಾಡಬೇಕು

ಮನೆಯೊಳಗೆ ಗುಳಿಗೆಯು ಬೇಡವೆಂದಮೇಲೆ ಅದಕ್ಕೆ ಬದಲಾಗಿ ಏನೆಂಬ ಪ್ರಶ್ನೆಯು ಸಹಜವಾದುದು. ಮೊದಲನೆಯದಾಗಿ ರಾಗಿಗೆ ಏನೂ ಬೇಕಾಗಿಲ್ಲ. ಕಾಳು ಬಹು ಸಣ್ಣದಾದುದರಿಂದ ಹುಳುವು ಅದರಲ್ಲಿ ಬೆಳೆಯಲಾರದು. ಒಣಗಿದ ರಾಗಿಯು ವರ್ಷಗಳವರೆಗೆ ಕೆಡದೆ ನಿಲ್ಲುವುದು. ರಾಗಿಯ ಮೂಟೆಗೂ ಗುಳಿಗೆಯನ್ನು ಹಾಕುವವರು ದುಡ್ಡನ್ನು ಕೊಟ್ಟು ಅಪಾಯವನ್ನು ಕೊಂಡಂತೆಯೇ ಸರಿ. ಉಳಿದ ಧಾನ್ಯಗಳಿಗೆ ಬಿಸಿಲೇ ಪ್ರಧಾನವಾದ ಔಷಧ. ತೇವವು ನೂರಕ್ಕೆ 12 ಭಾಗಕ್ಕೆ ಇಳಿಯುವವರೆಗೆ, ಅಂದರೆ ಹಲ್ಲಿನಲ್ಲಿ ಕಡಿದರೆ ಕಾಳು ಮೆತ್ತಗೆ ನುಗ್ಗದೆ ಕಟ್ಟೆಂದು ಒಡೆಯುವವರೆಗೆ ಒಣಗಿಸಿ, ಆರಿದ ಮೇಲೆ ತುಂಬಬೇಕು. ಹಳೆಯ ಚೀಲಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಬೇಕು; ಹೋದ ವರ್ಷದ ಹುಳುಗಳು ಹೊಲಿಗೆಯ ಸಂದುಗಳಲ್ಲಿಯೇ ಕುಳಿತಿರುವುವು. ಮೂಟೆಗಳನ್ನು ಗೋಡೆಗೆ ತಗುಲಿಸದೆ ಹಲಗೆಯ ಮೇಲೆ ಇಡಬೇಕು.

ಅವರೆ, ಅಲಸಂದೆ, ತೊಗರಿ, ಹೆಸರು ಇವುಗಳ ವಿಷಯ ಬೇರೆ. ಇವುಗಳಿಗೆ ಬೀಳುವ ಹುಳುವು ಹೊಲದಲ್ಲಿಯೇ ಕಾಯಿಯ ಮೇಲೆ ಮೊಟ್ಟೆಯಿಟ್ಟು ಕಾಳಿನೊಡನೆ ಮನೆಗೆ ಬರುವುದು. ಒಂದು ಕಿಲೋ ಕಾಳಿಗೆ ಸುಮಾರು 5 ಮಿಲಿಲೀಟರಿನಂತೆ ಹರಳೆಣ್ಣೆಯನ್ನೋ ಅಡಿಗೆಯ ಎಣ್ಣೆಯನ್ನೋ ಕಾಳಿಗೆಲ್ಲ ಹತ್ತುವಂತೆ ಉಜ್ಜಿದರೆ ಮೊಟ್ಟೆಗಳು ಉಸಿರುಕಟ್ಟಿ ಸಾಯುವುವು. ತೊಗರಿಯನ್ನು ಬೇಳೆ ಮಾಡಿ ಇಡುವುದರಿಂದಲೂ ಈ ಹುಳುವಿನ ಬಾಧೆಯು ಬಹಳಮಟ್ಟಿಗೆ ತಪ್ಪುವುದು. ಕೆಮ್ಮಣ್ಣು ಕಟ್ಟುವ ಹಳೆಯ ಪದ್ಧತಿಯು ಕೈಬಿಡತಕ್ಕದ್ದಲ್ಲ. ಬೇವಿನ ಸೊಪ್ಪಿನಿಂದ ಹುಳುವು ತಕ್ಕಮಟ್ಟಿಗೆ ದೂರವಾಗುವುದಾದರೂ, ಒಳಗೆ ಸೇರಿರುವ ಹುಳುವನ್ನು ಅದು ಕೊಲ್ಲಲಾರದು.

ಹಗೇವಿನ ತತ್ವವನ್ನೇ ಅನುಸರಿಸಿ ಮಾಡಿದ ಗಾಳಿಯಾಡದ ಚೀಲಗಳು ಈಗ ದೊರೆಯುತ್ತವೆ. ಅಲಸಂದೆಯನ್ನು ಕಾಪಾಡುವುದಕ್ಕಾಗಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದವರು ಆಫ್ರಿಕದ ಕ್ಯಾಮರೂನ್ ದೇಶದ ರೈತರೊಡನೆ 1980ರ ದಶಕದ ಕೊನೆಯಲ್ಲಿ ರೂಪಿಸಿದ ಚೀಲವು ಇಂತಹುದೇ. ಒಳಗೆ ಎರಡು ದಪ್ಪನೆಯ ಪಾಲಿಥೀನ್ ಚೀಲಗಳು, ಹೊರಗೆ ನೇಯ್ದ ಚೀಲ. ಒಂದೊಂದು ಬಾಯನ್ನೂ ಬೇರೆಬೇರೆಯಾಗಿ ತಿರುಚಿ ಬಿಗಿದರೆ, ಒಳಗಿನ ಹುಳುಗಳು ತಮ್ಮ ಉಸಿರಿನಿಂದಲೇ ಆಮ್ಲಜನಕವನ್ನು ಮುಗಿಸಿ ಸಾಯುವುವು. ಮೂಟೆಯಷ್ಟೇ ಗಾತ್ರದ ಹಗೇವೆಂದು ಇದನ್ನು ಕರೆಯಬಹುದು. ಇದರಲ್ಲಿ ಯಾರೂ ಇಳಿಯಬೇಕಾದುದಿಲ್ಲವಾದ ಕಾರಣ ದೀಪದ ಆವಶ್ಯಕತೆಯೂ ಇಲ್ಲ. ಇಲಿಯು ಕಡಿದು ತೂತು ಮಾಡದಂತೆ ನೋಡಿಕೊಳ್ಳುವುದೊಂದೇ ಇದರ ತೊಡಕು. ಮಾರಾಟಕ್ಕಾಗಿ ಬಹುಕಾಲ ಇಡಬೇಕಾದ ಧಾನ್ಯವನ್ನು ಉಗ್ರಾಣ ನಿಗಮದ ಗೋದಾಮುಗಳಲ್ಲಿ ಇಡುವುದರಿಂದ ಈ ಚಿಂತೆಯೇ ಮನೆಯಿಂದ ದೂರವಾಗುವುದು.

ಅಪಘಾತವಾದಾಗ

ಧಾನ್ಯವಿರುವ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೆ ತಲೆನೋವು, ವಾಂತಿ, ತಲೆಸುತ್ತು ಕಾಣಿಸಿದರೆ, ಗುಳಿಗೆಯನ್ನು ಹಾಕಿದೆಯೇ ಎಂಬುದನ್ನೇ ಮೊದಲು ವಿಚಾರಿಸಬೇಕು. ಹಾಕಿದ್ದರೆ ಎಲ್ಲರನ್ನೂ ತಡಮಾಡದೆ ಬಯಲಿನ ಗಾಳಿಗೆ ಕರೆತರಬೇಕು. ಮೂರ್ಛೆ ಹೋದವರನ್ನು ತರುವುದಕ್ಕಾಗಿ ಒಬ್ಬರ ಹಿಂದೆ ಒಬ್ಬರು ಒಳಕ್ಕೆ ನುಗ್ಗಿ ಎಲ್ಲರೂ ಬೀಳುವ ಸಂಭವವುಂಟಾದುದರಿಂದ, ಹೊರಗಿನಿಂದಲೇ ಬಾಗಿಲು ಕಿಟಕಿಗಳನ್ನು ತೆರೆದು ಅಥವಾ ಒಡೆದು ಗಾಳಿಗೆ ದಾರಿಮಾಡಬೇಕು. ಗುಳಿಗೆಗಳ ಮೇಲೆ ನೀರನ್ನು ಹಾಕಕೂಡದು. 108 ಸಂಖ್ಯೆಗೆ ಕರೆಮಾಡಿ ವಾಹನವನ್ನು ತರಿಸಿ, ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ವೈದ್ಯರಿಗೆ ಊಟದ ವಿಷಯವನ್ನು ಹೇಳುವುದಕ್ಕಿಂತ ಮುಂಚೆ ಗುಳಿಗೆಯ ಹೆಸರನ್ನೂ, ಹಾಕಿದ ದಿನವನ್ನೂ, ಎಷ್ಟು ಹಾಕಿತ್ತೆಂಬುದನ್ನೂ ತಿಳಿಸಿ, ಡಬ್ಬಿಯ ಮೇಲಿನ ಚೀಟಿ ಸಿಕ್ಕಿದರೆ ತೋರಿಸಬೇಕು. ಅದೇ ಕೋಣೆಯಲ್ಲಿ ಮಲಗಿದ್ದ ಉಳಿದವರನ್ನೂ, ಅವರು ತಮಗೆ ಏನೂ ಆಗಿಲ್ಲವೆಂದು ಹೇಳಿದರೂ, ಜೊತೆಯಲ್ಲಿಯೇ ಕರೆದುಕೊಂಡು ಹೋಗತಕ್ಕದ್ದು.